ನೀಲಾವತಿ ಕೊಟ್ಟ ಹೇಳಿಕೆ

ನಮ್ಮ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ ನೀಲಾವತಿಯಷ್ಟು ಅಳೆದು ತೂಗಿ ಮಾತಾಡುವವರನ್ನು ನಾನು ಬಳ್ಳಾರಿಯಲ್ಲೇ ಕಂಡಿಲ್ಲ. ಸಿರುಗುಪ್ಪದ ಮಗಳು, ಕುರುಗೋಡಿನ ಸೊಸೆ. ಕೂರುವುದು ನನ್ನ ಪಕ್ಕದ ಕುರ್ಚಿಯಲ್ಲಿ, ಮನಸ್ಸೆಲ್ಲ ಹೊರದೇಶದ ಕೊಲೈಡರಿನಲ್ಲಿ. ಅಲ್ಲಿ ಕಣಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಆ ಹೊಡೆತದಲ್ಲಿ ಒಮ್ಮೊಮ್ಮೆ ಕ್ವಾರ್ಕ್ ಎಂಬ ಭಾರದ ಕಣವೊಂದು ತನ್ನ ವಿರುದ್ಧ ಕಣವಾದ ಪ್ರತಿಕ್ವಾರ್ಕಿನ ಜೊತೆ ಬಿಗಿದುಕೊಂಡು ಜೋಡಿಯಾಗುತ್ತದೆ. ಆ ಜೋಡಿ ಮೇಲಿನ ಸ್ಥಿತಿಯಿಂದ ಕೆಳಗಿಳಿಯುವಾಗ ಬೆಳಕಿನ ಒಂದು ಕಣವನ್ನು ಹೊರಗೆ ಬಿಡುತ್ತದೆ. ಅದರ ಶಕ್ತಿ ಅಳೆದು, ಅಂಥ ಇಳಿತ ಎಷ್ಟು ಸಲ ಆಗುತ್ತದೆಂದು ಹೇಳುವುದು ಅವಳ ಕೆಲಸ. ಬೇರೆ ಕಡೆಯಿಂದ ಬಂದ ಬೆಳಕೂ ಅದರಲ್ಲಿ ಬೆರೆತಿರುತ್ತದೆ. ಉಳಿದ ಕಾರಣಗಳನ್ನೆಲ್ಲ ತಳ್ಳಿಹಾಕುವ ತನಕ ಯಾವುದನ್ನೂ ಖಚಿತ ಅನ್ನುವಂತಿಲ್ಲ.

ಕೆಲಸಕ್ಕೆ ಅದು ಸರಿ. ಸಂಸಾರಕ್ಕೆ? ಗಂಡ ಮಾರೇಶ ಕೆನ್ನೆಗೆ ಬಾರಿಸಿದರೆ, ಬಿಸಿಲಿಗೆ ತಲೆ ಕೆಟ್ಟಿರಬಹುದು ಅನ್ನುವಳು. ಕೂದಲು ಹಿಡಿದು ಗೋಡೆಗೆ ಬಡಿದರೆ, ಅವನ ಭತ್ತ ಕೊಯ್ಯುವ ಮೆಷಿನ್ ಕೆಟ್ಟು ನಿಂತಿತ್ತು ಅನ್ನುವಳು. ಕೇಳಿ ಕೇಳಿ ನನ್ನ ಮೈ ಉರಿಯುತ್ತಿತ್ತು.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ದೂರದ ಜೊತೆಗಾರರಿಗೆ ತನ್ನ ಅಳತೆ ವಿವರಿಸುತ್ತಿದ್ದಳು. ಮೋಕಾ ಊರಿನ ನೆಂಟರ ಮನೆಗೆ ಹೊರಡು ಅಂತ ಮಾರೇಶ ಹಿಂದಿನಿಂದ ಕೂಗಿದ್ದು ಅವಳಿಗೆ ಕೇಳಲಿಲ್ಲ. ಅವನು ಲ್ಯಾಪ್‌ಟಾಪ್ ಕಿತ್ತು ಟೇಬಲ್ಲಿನ ಮೇಲೆ ಕುಟ್ಟಿದ. ಅವಳ ಬಲಗೈ ಅಲ್ಲೇ ಇತ್ತು. ಎಲುಬು ಲಟಕ್ಕೆಂದಿತು. ಬಿದ್ದವಳ ಪಕ್ಕೆಗೆ ಒದ್ದ. ಅಕ್ಕಪಕ್ಕದವರು ಬಂದು ಬಿಡಿಸದಿದ್ದರೆ ಕೊಂದೇ ಬಿಡುತ್ತಿದ್ದ.

ಬಳ್ಳಾರಿಯ ಆಸ್ಪತ್ರೆಗೆ ನಾನು ಓಡಿ ಹೋದಾಗ ಸಬ್‌ಇನ್‌ಸ್ಪೆಕ್ಟರು ಹೇಳಿಕೆ ಬರೆದುಕೊಳ್ಳುತ್ತಿದ್ದರು. ಬೇಕೆಂದೇ ಕೈ ಮುರಿದನಾ ಎಂದು ಕೇಳಿದರು. ನೀಲಾವತಿ ತುಟಿ ಒಡೆದು ಬಾತಿತ್ತು. ಆದರೂ ಯೋಚಿಸಿ ಹೇಳಿದಳು:

“ಲ್ಯಾಪ್‌ಟಾಪ್ ಒಡೆಯಾಕ ಹೋಗಿ ಕೈಗೆ ಬಿತ್ತೋ, ಕೈಗೇ ಹೊಡದನೋ, ಖಚಿತ ಹೇಳಾಕ ಬರಂಗಿಲ್ಲ ಸರ್.”

ನನಗೆ ಅವಳನ್ನೇ ಒಂದು ಬಾರಿಸಬೇಕೆನ್ನಿಸಿತು. ಕೇಸು ಗಟ್ಟಿಯಾಗದಿದ್ದರೆ, ಠಾಣೆಯಲ್ಲಿ ಕೂರಿಸಿದ್ದ ಮಾರೇಶ ಸಂಜೆಗೆ ಮನೆಗೆ ಬರುವವನೇ. ಮುಂದಿನ ಸಲ ಕೈಯಲ್ಲ, ಕುತ್ತಿಗೆ. ಗಂಡ ಹೆಂಡಿರ ಜಗಳ ಅಂದುಕೊಂಡು ಸಾಹೇಬರು ಆಗಲೇ ಪೆನ್ನಿನ ಕ್ಯಾಪು ಹಾಕುತ್ತಿದ್ದರು.

ಅಷ್ಟರಲ್ಲಿ ಅವಳ ಅತ್ತೆ ಪಕ್ಕೀರಮ್ಮ ಒಳಗೆ ಬಂದಳು. ಮಗನನ್ನು ಬಿಡಿಸಿಕೊಳ್ಳಲು ಬಂದಳೆಂದು ನಾನು ಅಡ್ಡ ನಿಂತೆ. ಮುದುಕಿ ನನ್ನನ್ನು ಪಕ್ಕಕ್ಕೆ ತಳ್ಳಿದಳು.

“ಸಾಹೇಬ್ರ, ನಾ ಬಾಗಿಲದಾಗ ನಿಂತಿದ್ದೆ. ‘ಈ ಕೈ ಇದ್ರ ತಾನ ನಿನ್ನ ಸೊಕ್ಕು’ ಅಂದು ಕೈಗೇ ಹೊಡದ. ಈಕಿ ಕಿವ್ಯಾಗ ವೈರ್ ಇತ್ತು, ಕೇಳಿಲ್ಲ. ಬರ್ಕೊಳ್ರಿ.”

ನಿಜವಾಗಿ ಕೇಳಿಸಿತಾ ಅಂತ ನೀಲಾವತಿ ಎರಡು ಸಲ ಕೇಳಿದಳು.

“ಹೆತ್ತಾಕಿ ಅದೀನಿ. ಅವನ ದನಿ ನನಗ ಗೊತ್ತಾಗಂಗಿಲ್ಲೇನು?” ಅಂದು ಮುದುಕಿ ಅತ್ತಳು.

ನೀಲಾವತಿ ಹೂಂ ಅಂದ ಮೇಲೆ ಸಾಹೇಬರು ಅವಳ ಹೇಳಿಕೆಯನ್ನು ತಿದ್ದಿ, ಮುದುಕಿಯದನ್ನೂ ಬರೆದುಕೊಂಡರು. ಪಕ್ಕೀರಮ್ಮ ಹೆಬ್ಬೆಟ್ಟು ಒತ್ತಿದಳು. ಬಲಗೈ ಪಟ್ಟಿಯಲ್ಲಿದ್ದುದರಿಂದ, ಡಾಕ್ಟರೇಟ್ ಮಾಡಿದ ಸೊಸೆಯೂ ಎಡಗೈ ಚಾಚಿ ಹೆಬ್ಬೆಟ್ಟೇ ಒತ್ತಿದಳು.