ಫ್ಯೂಸ್ ಹಿಡಿಯುವ ಕೈ

ನನ್ನ ಸೋದರಮಾವನನ್ನು ಬೀದಿಯವರೆಲ್ಲ ಮೋಟಾರ್ ಮಾವ ಎನ್ನುತ್ತಾರೆ. ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ಅವನ ಕಸುಬು. ಮುಂದೆ ವರ್ಕ್‌ಶಾಪು, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಕೋಪ ಮಾತ್ರ ಮೂಗಿನ ತುದಿಯಲ್ಲಿ. ‘ಬೇಗ ಮಾಡ್ಕೊಡಿ’ ಅಂದವರ ಮೋಟಾರು ಮೂಲೆ ಸೇರಿತೆಂದೇ ಲೆಕ್ಕ. ಮರಗೆಲಸದ ಅಂಗಡಿ ಇಟ್ಟುಕೊಂಡ ನನಗೂ, ಅಕ್ಕನ ಮಗಳೆಂದು ರಿಯಾಯಿತಿಯೇನಿಲ್ಲ.

ಮೊದಲು ಅವನ ಜೊತೆ ಅತ್ತೆಯೂ ತಂತಿ ಸುತ್ತುವ, ಜೋಡಿಸುವ ಕೆಲಸ ಮಾಡುತ್ತಿದ್ದಳು. ಅವರದೇ ಒಂದು ಪದ್ಧತಿಯಿತ್ತು. ಮೇನ್ ಸ್ವಿಚ್ ಇಳಿಸಿ, ಬೋರ್ಡಿನಿಂದ ಮೂರೂ ಪಿಂಗಾಣಿ ಫ್ಯೂಸ್ ಕಿತ್ತು ಅತ್ತೆಯ ಕೈಗೆ ಕೊಡುವುದು. ಅವನು ತಂತಿ ಮುಟ್ಟುವಷ್ಟು ಹೊತ್ತೂ ಅವಳು ಅವನ್ನು ಹಿಡಿದುಕೊಂಡು ಬೋರ್ಡಿನ ಮುಂದೆ ಕೂರುವುದು. ಫ್ಯೂಸ್ ಅವಳ ಕೈಯಲ್ಲಿರುವ ತನಕ ಯಾರಪ್ಪ ಬಂದರೂ ಕರೆಂಟು ಹರಿಯುವಂತಿಲ್ಲ. ಕೂತಲ್ಲಿಂದಲೇ ಅತ್ತೆ ಅವನ ಕಾಲೆಳೆಯುತ್ತಿದ್ದಳು, ಅವನು ಮೋಟಾರಿನೊಳಗೆ ತಲೆ ಹಾಕಿಕೊಂಡೇ ಬೈಯುತ್ತಿದ್ದ. ಜಗಳವೋ ಸರಸವೋ, ಗಿರಾಕಿಗಳಿಗಂತೂ ಪುಕ್ಕಟೆ ನಾಟಕ.

ನನ್ನ ಮದುವೆಗೆ ಮುಂಚೆ, ಒಂದು ಹಿಟ್ಟಿನ ಗಿರಣಿಯಲ್ಲಿ ಆ ಪದ್ಧತಿ ತಪ್ಪಿತು. ಮಾವ ಒಳಕೋಣೆಯಲ್ಲಿದ್ದ, ಅತ್ತೆ ಹೊರಗೆ ಬೋರ್ಡಿನ ಹತ್ತಿರ. ಗಿರಣಿಯವನಿಗೆ ಎಲ್ಲಿಲ್ಲದ ಅವಸರ. ಒಳಗೆ ಇಣುಕಿಯೂ ನೋಡದೆ, “ಮುಗೀತಂತೆ ಅಕ್ಕಾ, ಹಾಕ್ಬೇಕಂತೆ” ಅಂದ. ಅತ್ತೆ ನಂಬಿದಳು. ಫ್ಯೂಸ್ ಕೂರಿಸಿ ಸ್ವಿಚ್ ಎತ್ತಿದ್ದೇ ತಡ, ಒಳಗಿಂದ ಮಾವ ಕಿರುಚಿದ. ಪುಣ್ಯಕ್ಕೆ ಜೀವ ಉಳಿಯಿತು. ಬಲಗೈಯ ಎರಡು ಬೆರಳುಗಳಿಗೆ ಮಾತ್ರ ಅಂದಿನಿಂದ ಸ್ಪರ್ಶವೇ ಇಲ್ಲ.

ಆಮೇಲೆ ಅತ್ತೆ ಆ ನಡುಬಾಗಿಲು ದಾಟಲಿಲ್ಲ. “ಏನೂ ಆಗಿಲ್ಲ ಕಣೆ, ಬಾ” ಎಂದು ಮಾವ ಎಷ್ಟು ಸಲ ಕರೆದನೋ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಚಹಾ ತಂದು ಹೊಸ್ತಿಲ ಮೇಲಿಟ್ಟು ಹಿಂದಿರುಗುವಳು. ಮಾವ ಫ್ಯೂಸುಗಳನ್ನು ತನ್ನ ಜೇಬಿಗೇ ಹಾಕಿಕೊಳ್ಳಲು ಕಲಿತ, ಬೇರೆ ಯಾರ ಕೈಗೂ ಕೊಡಲಿಲ್ಲ. ಒಮ್ಮೆ ಹಾಗೇ ಮರೆತು ಮನೆಗೆ ತಂದುಬಿಟ್ಟದ್ದರಿಂದ ಒಂದು ಪ್ರಿಂಟಿಂಗ್ ಪ್ರೆಸ್ಸು ಮಧ್ಯಾಹ್ನದ ತನಕ ಕೈಕಟ್ಟಿ ಕೂತಿತ್ತು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನಗೆ ನಗು ಬರಲಿಲ್ಲ. ಗೋಡೆಯಾಚೆ ಪಾತ್ರೆ ಸದ್ದಾದರೆ ಅವನ ಕೈ ನಿಲ್ಲುವುದನ್ನು ನಾನು ನೋಡಿದ್ದೆ. ಒಂದೇ ಸೂರಿನಡಿ ಇರುವ ಹೆಂಡತಿಗಾಗಿ ಹೀಗೆ ಹಂಬಲಿಸುವ ಗಂಡನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋದ ತಿಂಗಳು ನನ್ನ ಮರ ಕೊಯ್ಯುವ ಯಂತ್ರದ ತ್ರೀ ಫೇಸ್ ಮೋಟಾರಿಗೆ ಪ್ಲಗ್ ಹಾಕಿಸಲು ಹೋಗಿದ್ದೆ. ನಾಲ್ಕು ಪಿನ್ನಿನದು: ಕರೆಂಟು ಬರುವ ಫೇಸಿಗೆ ಮೂರು, ಅರ್ತಿಂಗಿಗೆ ಒಂದು. ಓಡಿಸಿ ನೋಡದೆ ಮಾವ ಏನನ್ನೂ ಕೈಗೆ ಕೊಡುವವನಲ್ಲ, ಹಾಗಾಗಿ ಅವನ ಗೋಡೆಗೂ ಅದಕ್ಕೆ ಹೊಂದುವ ಸಾಕೆಟ್ ಬೇಕಾಯಿತು. ಟೆಸ್ಟರ್ ಸರಿಯಿದೆಯೇ ಎಂದು ಮೊದಲು ಕರೆಂಟು ಇರುವ ಕಡೆ ಇಟ್ಟು ನೋಡಿದ. ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗಿಳಿಸಿ, ಗೋಡೆಯ ಮೂರೂ ಫೇಸ್ ತಂತಿಗೆ ಮತ್ತೆ ಟೆಸ್ಟರ್ ಹಿಡಿದ. ಅಷ್ಟಾದ ಮೇಲೆ ಪ್ಲಗ್ ಬಿಚ್ಚಿ ಕೂತ.

ಮೋಟಾರಿನ ಕೇಬಲ್ಲಿನ ತಾಮ್ರದ ಎಳೆಗಳು ಕೂದಲಿನಷ್ಟು ಸಣ್ಣ. ಒಂದೇ ಒಂದೆಳೆ ಹೊರಗುಳಿದು ಪಕ್ಕದ ಫೇಸಿಗೆ ತಾಗಿದರೂ ಬೆಂಕಿ. ಮಾವ ಹೊಸೆದು ತೂರಿಸಿ ಸ್ಕ್ರೂ ಬಿಗಿದ.

“ಮಾವ, ಒಂದೆಳೆ ಹೊರಗಿದೆ” ಅಂದೆ.

ಬಿಚ್ಚಿ ಮತ್ತೆ ಹಾಕಿದ. ಮತ್ತೆ ಒಂದು ಹೊರಗೆ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

“ದಪ್ಪ ತಂತಿ ಆದ್ರೆ ಹೆಂಗೋ ನಡೀತಿತ್ತು, ಈ ಎಳೆ ಬೆರಳಿಗೆ ಗೊತ್ತೇ ಆಗ್ತಿಲ್ಲ ಮಗಳೇ. ಬೇರೆ ಯಾರತ್ರನಾದ್ರೂ ಹಾಕಿಸ್ಕೊ. ಗೊತ್ತಾಗ್ದೆ ಇರೋ ಕೈಲಿ ಈ ಕೆಲ್ಸ ಮಾಡ್ಬಾರ್ದು. ಅಂಗಡಿ ಮುಚ್ಬಿಡ್ತೀನಿ.”

ಅತ್ತೆ ಚಹಾ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಲೋಟ ಕೆಳಗಿಟ್ಟಳು. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಳು. ಎಲ್ಲಿ ತಿರುಗಿ ಹೋಗಿಬಿಡುವಳೋ ಎಂಬಂತೆ ಮಾವ ಥಟ್ಟನೆ ಎದ್ದ. ಜೇಬಿನಿಂದ ಮೂರೂ ಫ್ಯೂಸ್ ತೆಗೆದು ಅವಳತ್ತ ಚಾಚಿದ. ಅತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಅವು ನಂಗೆ ಬೇಡ. ನೀವೇ ಹಿಡ್ಕೊಂಡು ಬೋರ್ಡಿನ ಮುಂದೆ ಕೂತ್ಕೊಳ್ಳಿ. ತಂತಿ ನಾನು ಮುಟ್ತೀನಿ.”

“ನಿಂಗೇನಾದ್ರೂ ಆದ್ರೆ?”

“ಆಗ್ದಂಗೆ ನೋಡ್ಕೊಳ್ಳೋದೇ ಅಲ್ಲಿ ಕೂತೋರ ಕೆಲ್ಸ.”

ಮಾವ ಹೋಗಿ ಕೂತ. ಅತ್ತೆಯ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಎಳೆಗಳನ್ನು ಬಿಗಿಯಾಗಿ ಹೊಸೆದು ಒಂದೊಂದು ಪಿನ್ನಿಗೂ ತೂರಿಸಿ, ಹೊರಗೇನಾದರೂ ಉಳಿದಿದೆಯೇ ಎಂದು ಸವರಿ ನೋಡಿದಳು. ಶಾಕ್ ತಡೆಯುವ ಅರ್ತಿಂಗ್ ತಂತಿಯನ್ನು ಉಳಿದವಕ್ಕಿಂತ ಉದ್ದ ಬಿಟ್ಟಳು. ಯಾರಾದರೂ ಕೇಬಲ್ ಜಗ್ಗಿದರೆ ಅದು ಕಟ್ಟಕಡೆಗೆ ಕಿತ್ತು ಬರಬೇಕು. ಕೇಬಲ್ಲಿನ ಮೇಲಿನ ಹೊದಿಕೆಯನ್ನೂ ಸೇರಿಸಿ ಕ್ಲಾಂಪ್ ಬಿಗಿದು ಎಳೆದು ನೋಡಿದಳು. ಆಮೇಲೆ ಗೋಡೆಯ ಸಾಕೆಟ್ಟಿಗೆ ಕೈ ಹಾಕಿದಳು.

ನಾನು ಮಾವನನ್ನು ನೋಡುತ್ತಿದ್ದೆ. ಎರಡೂ ಮುಷ್ಟಿ ಬಿಗಿದು, ಬೋರ್ಡಿಗೆ ಬೆನ್ನು ಅಡ್ಡ ಕೊಟ್ಟು, ಅವಳ ಕೈಯಿಂದ ಕಣ್ಣು ಕೀಳದೆ ಕೂತಿದ್ದ. ಹಣೆಯ ಬೆವರು ಒರೆಸಿಕೊಳ್ಳಲೂ ಇಲ್ಲ. ಚಹಾ ಆರಿತು. ಬೀದಿಯಿಂದ ಯಾರೋ ಇಣುಕಿ “ನಮ್ಮ ಮೋಟಾರ್ ಆಯ್ತಾ?” ಎಂದು ಕೇಳಿ ಚೆನ್ನಾಗಿ ಉಗಿಸಿಕೊಂಡು ಹೋದ. ಕರೆಂಟಿನ ಮಾತೇ ಎತ್ತಿರಲಿಲ್ಲ ಪಾಪ.

ಅತ್ತೆ ಮುಚ್ಚಳದ ಕೊನೆಯ ಸ್ಕ್ರೂ ತಿರುಗಿಸಿದಳು. “ಮುಗೀತು. ಹಾಕಿ.”

ಮಾವ ಏಳಲಿಲ್ಲ. ಮುಷ್ಟಿ ಬಿಚ್ಚಲಿಲ್ಲ.

“ಏನೂ ಆಗಿಲ್ಲ, ಏನೂ ಆಗಿಲ್ಲ ಅಂತಿದ್ನಲ್ಲೇ ನಾನು,” ಅಂದ. “ಇಲ್ಲಿ ಕೂತ್ರೆ ಹಿಂಗಿರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ.”

ಅತ್ತೆಯ ಕಣ್ಣು ತುಂಬಿ ಬಂತು. “ಕೈ ತೆಗ್ದಿದೀನಿ. ಹಾಕಿ ಅಂದ್ನಲ್ಲ.”

“ಯಾರ ಮಾತೂ ಕೇಳಿ ಹಾಕಲ್ಲ ನಾನು. ನಿನ್ನ ಮಾತೂ ಅಷ್ಟೇ. ನೀನು ಇಲ್ಲಿ ನನ್ನ ಪಕ್ಕ ಬಂದು ನಿಂತ್ಕೊ. ಆಮೇಲೆ ಹಾಕ್ತೀನಿ.”

ಅತ್ತೆ ಬಂದು ನಿಂತಳು. ಮಾವ ಫ್ಯೂಸುಗಳನ್ನು ಒಂದೊಂದಾಗಿ ಕೂರಿಸಿದ. ಅವಳ ಎರಡೂ ಕೈಗಳನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡ ಮೇಲೆಯೇ ಬಲಗೈಯಿಂದ ಸ್ವಿಚ್ ಎತ್ತಿದ.