ಅಯ್ಯನೋರ ಕಾಲಿಗೆ ನೀರು

ಕೊಬ್ಬರಿಯ ವಾಸನೆ ಬಂದರೆ ನನಗೆ ತಲೆ ತಗ್ಗಿಸಿ ಕಣ್ಣು ಮುಚ್ಚಬೇಕೆನಿಸುತ್ತದೆ. ಮೊನ್ನೆ ತರೀಕೆರೆಯ ದಿನಸಿ ಅಂಗಡಿಯಲ್ಲಿ ಹಾಗೇ ಆಯಿತು. ಅಂಗಡಿಯವರು ಹೊಸ ಮೂಟೆಯ ಬಾಯಿ ಬಿಚ್ಚಿದರು. ನಾನು ಚೀಲ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿದೆ. "ಏನ್ ಮೇಡಮ್, ತಲೆ ಸುತ್ತು ಬಂತಾ? ಕೂತ್ಕಳಿ" ಎಂದು ಅವರು ಸ್ಟೂಲು ಎಳೆದರು. ಪ್ರಾರ್ಥನೆ ಮಾಡಬೇಕೆನಿಸಿತು ಎಂದು ಹೇಳುವ ಧೈರ್ಯ ನನಗಿಲ್ಲ. ಬಿಸಿಲು ಎಂದೆ. ಹೊರಗೆ ದಟ್ಟವಾಗಿ ಮೋಡ ಕವಿದಿತ್ತು.

ನೀವು ನಕ್ಕರೂ ಸರಿ, ನಿಮಗಾದರೂ ಕಾರಣ ಹೇಳಿಬಿಡುತ್ತೇನೆ. ಅಪ್ಪ ಸಿಂಗಟಗೆರೆಯಲ್ಲಿ ಮೇಷ್ಟರಾಗಿದ್ದರು. ನಾನು ಹೈಸ್ಕೂಲಿಗೆ ಬಂದಾಗ, ಅಜ್ಜಂಪುರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ದೊಡ್ಡಮ್ಮನ ಜೊತೆಗಿರಲೆಂದು ನನ್ನನ್ನು ಅಲ್ಲಿಗೆ ಕಳಿಸಿದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ದೊಡ್ಡಮ್ಮ ಮದುವೆಯಾಗಿರಲಿಲ್ಲ. ಊರಿಗೆಲ್ಲ ಅವರು ನರ್ಸಮ್ಮ. ಯಾವ ಹೊತ್ತಿನಲ್ಲಿ ಹೆರಿಗೆಗೆ ಕರೆ ಬರುತ್ತದೋ ಗೊತ್ತಿಲ್ಲದ್ದರಿಂದ ಭಾನುವಾರವೂ ಊರು ಬಿಟ್ಟು ಚರ್ಚಿಗೆ ಹೋಗುವಂತಿರಲಿಲ್ಲ.

ಹಾಗಾಗಿ ಅವರ ದೇವರು ಅಜ್ಜಂಪುರಕ್ಕೇ ಬರಬೇಕಾಗಿತ್ತು. ಕಡೂರಿನಲ್ಲಿ ಗಂಟೆ ಇರುವ ಚರ್ಚು ಇತ್ತು, ತರೀಕೆರೆಯಲ್ಲಿ ಚಿಕ್ಕದೊಂದು ಹೆಂಚಿನ ಕಟ್ಟಡ. ಅಜ್ಜಂಪುರದಲ್ಲಿ ಇದ್ದದ್ದು ತೆಂಗಿನಕಾಯಿ ವ್ಯಾಪಾರದ ಶಿವಣ್ಣನವರ ಮನೆಯ ಮುಂದಿನ ಹಜಾರ, ಅದೂ ಬಾಡಿಗೆಗೆ. ನಮ್ಮವರ ಮಾತಿನಲ್ಲಿ ಕಟ್ಟಡಕ್ಕೆ ಚರ್ಚು ಎನ್ನುತ್ತಾರೆ, ಕೂಡುವ ಜನಕ್ಕೆ ಸಭೆ ಎನ್ನುತ್ತಾರೆ. ಆ ಪ್ರಕಾರ ಅಜ್ಜಂಪುರದಲ್ಲಿ ಚರ್ಚಿರಲಿಲ್ಲ, ಸಭೆ ಇತ್ತು: ವರ್ಗವಾಗಿ ಬಂದು ವರ್ಗವಾಗಿ ಹೋಗುವ ರೈಲ್ವೆ ಸಂಸಾರಗಳು, ಅವರ ಮಕ್ಕಳು, ನಾವಿಬ್ಬರು. ಮೂರೂ ಊರಿಗೆ ಒಬ್ಬರೇ ಪಾದ್ರಿ, ಸಭಾಪಾಲಕರು. ಕಡೂರಿನಲ್ಲಿದ್ದ ಅವರು ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುತ್ತಿದ್ದರು. ಮಿಕ್ಕ ಭಾನುವಾರಗಳಲ್ಲಿ ದೊಡ್ಡಮ್ಮನೇ ಬೈಬಲ್ಲಿನಿಂದ ವೇದಪಾಠ ಓದಿ, ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ಆಸ್ಪತ್ರೆಯಲ್ಲಿ ಎಲ್ಲರನ್ನೂ ಗದರುವ ಆ ಗಂಟಲು ಹಾಡುವಾಗ ಹೇಗೆ ಮೆತ್ತಗಾಗುತ್ತಿತ್ತೋ!

ಸಭಾಪಾಲಕರು ಎಂಬುದು ಪುಸ್ತಕದ ಮಾತು. ಬಾಯಲ್ಲಿ ನಾವು ಅವರನ್ನು ಅಯ್ಯನೋರು ಎನ್ನುತ್ತಿದ್ದೆವು. ಶಿವಣ್ಣನವರ ಮನೆಯಲ್ಲೂ ಅಯ್ನೋರು ಎಂಬ ಮಾತಿತ್ತು. ಅದು ಮಠದಿಂದ ಬರುವ ಜಂಗಮರಿಗೆ. ಹಜಾರವನ್ನು ಬಾಡಿಗೆಗೆ ಕೊಟ್ಟಾಗ ಶಿವಣ್ಣನವರ ತಾಯಿ ಗಂಗಮ್ಮಜ್ಜಿ ಚೌಳಹಿರಿಯೂರಿನ ಮಗಳ ಮನೆಯಲ್ಲಿದ್ದರು. ಅವರು ಹಿಂತಿರುಗಿದ ವಾರವೇ ದೊಡ್ಡಮ್ಮ ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ, "ಅಜ್ಜಿ, ಭಾನುವಾರ ಅಯ್ಯನೋರು ಬರ್ತಾರೆ, ಬಾಗ್ಲು ತೆಗೆಸಿಡಿ" ಎಂದು ಹೇಳಿ ಹೋದರು.

ಭಾನುವಾರ ಬೆಳಿಗ್ಗೆ ನಾವು ಹೋಗಿ ನೋಡಿದರೆ ಅಂಗಳಕ್ಕೆ ಸಗಣಿ ನೀರು ಹಾಕಿ ರಂಗೋಲಿ ಬಿಟ್ಟಿತ್ತು. ಅಜ್ಜಿ ಮಿಂದು, ಹಣೆತುಂಬ ವಿಭೂತಿ ಧರಿಸಿ, ತಾಮ್ರದ ಚೊಂಬು ಹಿಡಿದು ಹೊಸ್ತಿಲ ಬಳಿ ನಿಂತಿದ್ದರು. ನಮಗೆ ಅರ್ಥವಾಗುವಷ್ಟರಲ್ಲಿ ಅಯ್ಯನವರು ಬಂದುಬಿಟ್ಟರು. ಬಿಳಿ ಪ್ಯಾಂಟು, ಕಂಕುಳಲ್ಲಿ ಬೈಬಲ್. ಅವರು ಬೂಟು ಬಿಚ್ಚುವುದೇ ತಡ, "ಪಾದ ಮುಂದಿಡಿ ಅಯ್ನೋರೇ" ಎಂದು ಅಜ್ಜಿ ಕಾಲುಚೀಲದ ಮೇಲೆಯೇ ನೀರು ಸುರಿದರು.

ಅಯ್ಯನವರು ಪ್ಯಾಂಟನ್ನು ಮೊಣಕಾಲಿಗೆತ್ತಿ ಹಿಡಿದು ಕೊಕ್ಕರೆಯ ಹಾಗೆ ನಿಂತರು. "ಅಮ್ಮಾ, ನಾನು ನಿಮ್ಮ ಅಯ್ಯನೋರಲ್ಲ. ನಾವು ಕ್ರೈಸ್ತರು" ಎಂದು ತೊದಲಿದರು.

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಚೊಂಬಿನಲ್ಲಿ ಇನ್ನೂ ಅರ್ಧ ನೀರಿತ್ತು. "ಹಂಗಾ? ಮತ್ತೆ ಆಗ್ಲೇ ಹೇಳಬಾರ್ದಾ? ಹಾಕಿದ್ ನೀರ ವಾಪಸ್ ತಗಳಕ್ಕಾಯ್ತದಾ? ಇರ್ಲಿ, ಇನ್ನೊಂದ್ ಕಾಲೂ ಕೊಡಿ, ಒಂದೇ ತೊಳ್ದು ಬಿಟ್ರೆ ಚೆನ್ನಾಗಿರಲ್ಲ."

ಆ ದಿನ ಅಯ್ಯನವರು ಬರಿಗಾಲಲ್ಲಿ ಉಪದೇಶ ಮಾಡಿದರು. ಕಾಲುಚೀಲ ಜಗಲಿಯ ಮೇಲೆ ಒಣಗುತ್ತಿತ್ತು. ಯೇಸು ಶಿಷ್ಯರ ಪಾದ ತೊಳೆದ ಕಥೆಯನ್ನು ಅವರು ಎಷ್ಟೋ ಸಲ ಚೆನ್ನಾಗಿ ಹೇಳಿದ್ದರು. ಅಂದು ಅದೇ ಕಥೆ ನಡುವೆ ಬಂತು, ಆದರೆ ಅದನ್ನು ಅರ್ಧಕ್ಕೇ ಬಿಟ್ಟು ಅವರು ಹಾಡಿನ ಸಂಖ್ಯೆ ಹೇಳಿ ಕುಳಿತುಬಿಟ್ಟರು. ಮುಂದಿನ ತಿಂಗಳು ಅವರು ಬಂದಾಗಲೂ ಅಜ್ಜಿ ಚೊಂಬು ಹಿಡಿದು ನಿಂತಿದ್ದರು. ಆಮೇಲೆ ಅಜ್ಜಂಪುರಕ್ಕೆ ಬರುವಾಗ ಮಾತ್ರ ಅವರು ಪಂಚೆ ಉಟ್ಟು, ಚಪ್ಪಲಿ ಮೆಟ್ಟಿ ಬರತೊಡಗಿದರು.

ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ಶಿವಣ್ಣನವರು ಬೇಸಿಗೆ ಹೊತ್ತಿಗೆ ಹಜಾರ ಬಿಡಬೇಕೆಂದರು. ವ್ಯಾಪಾರ ಬೆಳೆದಿತ್ತು, ಕೊಬ್ಬರಿ ಮೂಟೆ ಇಡಲು ಜಾಗ ಬೇಕಿತ್ತು. ಅವರ ತಪ್ಪೇನೂ ಇರಲಿಲ್ಲ. ಬೇರೆ ಮನೆಗಳವರು ನಮ್ಮ ಹಾಡಿನ ಗದ್ದಲಕ್ಕೆ ಒಪ್ಪಲಿಲ್ಲ. ಆ ರಾತ್ರಿ ದೊಡ್ಡಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದರು.

ಜನವರಿಯಲ್ಲಿ ಕಡೂರಿನಲ್ಲಿ ಮೂರೂ ಊರಿನವರು ಕೂಡುವ ವರ್ಷದ ಸಭೆ. ದೊಡ್ಡಮ್ಮ ಅದೊಂದು ದಿನಕ್ಕೆ ರಜೆ ಹಾಕುತ್ತಿದ್ದರು. ಆ ವರ್ಷ ನನ್ನನ್ನೂ ಕರೆದುಕೊಂಡು ಹೋದರು. ಒಂದೊಂದು ಊರಿನವರೂ ಎದ್ದು ನಿಂತು, ವರ್ಷದಲ್ಲಿ ನಡೆದ ಸೇವೆಯನ್ನೂ ಮುಂದಿನ ಯೋಜನೆಯನ್ನೂ ಹೇಳಬೇಕು. ಕಡೂರಿನವರು ಕಾಂಪೌಂಡು ಗೋಡೆ ಕಟ್ಟಿಸುವವರಿದ್ದರು. ತರೀಕೆರೆಯವರಿಗೆ ಹಾರ್ಮೋನಿಯಂ ಬೇಕಿತ್ತು. ದೊಡ್ಡಮ್ಮ ಎದ್ದು, ಮಕ್ಕಳಿಗೆ ಭಾನುವಾರದ ತರಗತಿ ತಪ್ಪದೆ ನಡೆಯಿತು, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥಿಸಿದೆವು ಎಂದು ಹೇಳಿ ನಿಲ್ಲಿಸಿದರು.

"ಮುಂದಿನ ಯೋಜನೆ ಏನಮ್ಮಾ?" ಎಂದು ಕಾರ್ಯದರ್ಶಿಗಳು ಕೇಳಿದರು.

"ಮುಂದಿನ ವರ್ಷಾನೂ ಇರೋದು" ಎಂದರು ದೊಡ್ಡಮ್ಮ.

ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯರು, ತಗ್ಗಿದ ದನಿಯಲ್ಲೇ, "ಇರೋದಕ್ಕೆ ಜಾಗ ಬೇಕಲ್ಲಮ್ಮ. ನಿಮ್ಮೋರು ತರೀಕೆರೆ ಸಭೆಗೆ ಸೇರ್ಕೊಳ್ಳಲಿ, ಬಸ್ಸಿದೆ" ಎಂದರು. "ಬಸ್ಸಿದೆ ಸರಿ, ನಾನು ಬಸ್ ಹತ್ತಿದ ಮೇಲೆ ಯಾರಿಗಾದ್ರೂ ನೋವು ಶುರುವಾದ್ರೆ?" ಎಂದು ದೊಡ್ಡಮ್ಮ ಕೇಳಿದರು. ಈಸ್ಟರ್‌ವರೆಗೆ ಕಾಯುವುದು, ಜಾಗ ಸಿಗದಿದ್ದರೆ ಅಜ್ಜಂಪುರದ ಆರಾಧನೆ ನಿಲ್ಲಿಸುವುದು ಎಂದು ತೀರ್ಮಾನವಾಯಿತು.

ಮರುದಿನ ದೊಡ್ಡಮ್ಮ ನನ್ನ ಜೊತೆ ಶಿವಣ್ಣನವರ ಮನೆಗೆ ಹೋದರು. ಬೇಡಿಕೊಳ್ಳುವುದು ಅವರ ಜಾಯಮಾನವಲ್ಲ. ಸುದ್ದಿ ತಿಳಿಸಿ ಬರಲು ಹೋದದ್ದು. "ಈಸ್ಟರ್ ಆದ್ಮೇಲೆ ಅಯ್ಯನೋರು ಬರಲ್ಲ ಅಜ್ಜಿ. ನೀವು ಕಾಯಬೇಡಿ."

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಿದರು. "ಯಾಕಂತೆ?"

ದೊಡ್ಡಮ್ಮ ಶಿವಣ್ಣನವರ ಕಡೆ ನೋಡಲಿಲ್ಲ. ಶಿವಣ್ಣನವರೇ ಕೆಮ್ಮಿ, "ಮೂಟೆ ಇಡಕ್ಕೆ ಹಜಾರ ಬೇಕು ಅಂದಿದ್ದೆ ಕಣವ್ವ" ಎಂದರು.

"ಲೇ ಶಿವಾ, ಅಯ್ನೋರು ಬರೋ ಬಾಗ್ಲಿಗೆ ಮೂಟೆ ಅಡ್ಡ ಇಡ್ತೀಯೇನೋ?"

"ಅವ್ರು ನಮ್ ಅಯ್ನೋರಲ್ಲ ಕಣವ್ವ!"

"ಗೊತ್ತು ಕಣೋ, ನಂಗೇನ್ ಕಣ್ ಕಾಣಾಕಿಲ್ವಾ? ನಮ್ಮೋರು ವರ್ಷಕ್ಕೊಂದ್ ದಪ ಬಂದ್ರೆ ದೊಡ್ದು. ಇವ್ರು ತಿಂಗ್ಳು ತಿಂಗ್ಳು ಬತ್ತಾರೆ. ನಿನ್ ಹೆಂಡ್ತಿ ಹೆರಿಗೇಲಿ ಈ ನರ್ಸಮ್ಮ ಎರಡು ದಿನ ಇಲ್ಲೇ ಕುಂತಿದ್ಲಲ್ಲ, ಆಗ ಯಾರ್ ಅಯ್ನೋರು ಅಂತ ಕೇಳಿದ್ಯಾ?"

ಶಿವಣ್ಣನವರು ಹಜಾರದ ಉದ್ದಗಲ ನೋಡಿದರು, ಅವ್ವನನ್ನು ನೋಡಿದರು. "ಮೂಟೆ ಒಂದ್ ಕಡೆ ಇರ್ಲಿ, ನಿಮ್ ಸಭೆ ಒಂದ್ ಕಡೆ ಇರ್ಲಿ. ಆದ್ರೆ ಮೂಟೆಗೆ ಒರಗ್ಬೇಡಿ ಕಣ್ರೀ, ಎಣ್ಣೆ ಹತ್ತಿದ್ರೆ ನನ್ನನ್ನ ಅನ್ಬೇಡಿ" ಎಂದರು.

ಅಂದಿನಿಂದ ಕೊಬ್ಬರಿ ಮೂಟೆಗಳ ಪಕ್ಕದಲ್ಲೇ ನಮ್ಮ ಆರಾಧನೆ. ಬೇಸಿಗೆಯಲ್ಲಿ ಆ ಸಿಹಿ ಘಾಟು ಹಜಾರ ತುಂಬಿ ನಿಲ್ಲುತ್ತಿತ್ತು. ಮುಂದೆ ಮೈಸೂರಿನಲ್ಲಿ ಓದುವಾಗ ದೊಡ್ಡ ಚರ್ಚುಗಳಿಗೆ ಹೋದೆ. ಏನೋ ಇಲ್ಲ ಎನಿಸುತ್ತಿತ್ತು; ಅದು ಭಕ್ತಿಯ ಕೊರತೆ ಎಂದು ಬಹಳ ದಿನ ಕೊರಗಿದೆ.

ಗಂಗಮ್ಮಜ್ಜಿ ಈಗಿಲ್ಲ. ಅಜ್ಜಂಪುರದ ಸಭೆ ಇದೆ. ಮಕ್ಕಳು ಆಗಿನದಕ್ಕಿಂತ ಹೆಚ್ಚೇ ಬರುತ್ತಾರೆ. ದೊಡ್ಡಮ್ಮ ನಿವೃತ್ತರಾಗಿ ಅಲ್ಲೇ ಉಳಿದಿದ್ದಾರೆ, ಕಿವಿ ಮಂದವಾಗಿದೆ. ಈ ವರ್ಷದ ಸಭೆಯಲ್ಲಿ ಮುಂದಿನ ಯೋಜನೆಯ ಮಾತು ಬಂದಾಗ ಅವರು ಎದ್ದು, "ಮಕ್ಕಳ ಕ್ಲಾಸಿಗೆ ನಮ್ ಹುಡುಗಿ ಬರ್ತಾಳೆ, ತರೀಕೆರೆ ಕಾಲೇಜಲ್ಲಿ ಪಾಠ ಮಾಡ್ತಾಳಲ್ಲ" ಎಂದುಬಿಟ್ಟರು. ನನ್ನನ್ನು ಕೇಳಿರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ಒಪ್ಪಿಗೆ ಎಂದುಕೊಂಡರು. ಬಸ್ ಸ್ಟ್ಯಾಂಡಿನಲ್ಲಿ, "ನನಗೆ ಶ್ರುತಿ ನಿಲ್ಲಲ್ಲ ದೊಡ್ಡಮ್ಮ, ನಾಲ್ಕು ಜನರ ಎದುರು ಹಾಡಿಯೇ ಇಲ್ಲ" ಎಂದೆ. ಅವರು ಕಿವಿಗೆ ಕೈಯಾನಿಸಿ, "ಜೋರಾಗಿ ಹಾಡು ಕಣೇ, ನಂಗೂ ಕೇಳ್ಬೇಕಲ್ಲ" ಎಂದರು.

ಅಂದಿನಿಂದ ಬರಲಾಗುವುದಿಲ್ಲ ಎನ್ನುವುದಕ್ಕೆ ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ. ಮೊನ್ನೆ ಅಂಗಡಿಯಿಂದ ಬಂದ ಮೇಲೆ ಒಂದೂ ನೆನಪಾಗುತ್ತಿಲ್ಲ. ಭಾನುವಾರದ ಕ್ಲಾಸಿಗೆ ನಾಳೆ ಸಂಜೆಯೇ ಅಜ್ಜಂಪುರದ ಬಸ್ಸು ಹತ್ತಬೇಕು. ಇಂದು ಕೋಣೆಯ ಬಾಗಿಲು ಹಾಕಿಕೊಂಡು ಮಕ್ಕಳ ಹಾಡೊಂದರ ಮೊದಲ ಚರಣ ಹೇಳಿ ನೋಡಿದೆ. ಪಕ್ಕದ ಮನೆಯಲ್ಲಿ ರೇಡಿಯೋ ಸದ್ದು ತಗ್ಗಿತು. ಕೇಳಲೆಂದು ತಗ್ಗಿಸಿದರೋ, ಏನಾಯಿತೆಂದು ಗಾಬರಿಯಾದರೋ ತಿಳಿಯದು. ಎರಡನೆಯ ಚರಣವನ್ನು ಇನ್ನಷ್ಟು ಜೋರಾಗಿ ಹೇಳಿದೆ.