ಒಂದು ದವಡೆ, ಒಂದು ಹಲ್ಲು

ಕೋವಿಡ್ ತಗ್ಗಿ ಕಾಲೇಜುಗಳು ಮತ್ತೆ ಪೂರ್ತಿಯಾಗಿ ತೆರೆದ ವರ್ಷ ಅದು. ನಾನು ನಮ್ಮ ಭಾಗದ ದಂತ ವೈದ್ಯಕೀಯ ಕಾಲೇಜೊಂದರಲ್ಲಿ ಓರಲ್ ಸರ್ಜರಿ, ಎಂದರೆ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ವಿಭಾಗದ ಪ್ರೊಫೆಸರ್ ಆಗಿದ್ದೆ. ಕಾಲೇಜು ಹುಮನಾಬಾದಿನಲ್ಲಿ ನಡೆಸುತ್ತಿದ್ದ ಸ್ಯಾಟಲೈಟ್ ಕ್ಲಿನಿಕ್ಕಿನ, ಎಂದರೆ ಹೊರ ಊರಿನ ಶಾಖೆಯ, ಹೊಣೆಯೂ ನನ್ನದೇ. ಬಿಡಿಎಸ್ ಪರೀಕ್ಷೆ ಮುಗಿಸಿದ ಇಂಟರ್ನ್‌ಗಳು ಅಲ್ಲಿಗೆ ಸರದಿಯ ಮೇಲೆ ಬರುತ್ತಿದ್ದರು. ಕಾಲೇಜಿನಲ್ಲಿ ಅವರ ಕೈಗೆ ಪ್ಲಾಸ್ಟರಿನ ಹಲ್ಲು ಸಿಗುತ್ತದೆ, ಹೆಗಲ ಹಿಂದೆ ನಾಲ್ಕು ಜನ ಮೇಷ್ಟ್ರು ಇರುತ್ತಾರೆ. ಇಲ್ಲಿ ಕಬ್ಬಿನ ಹೊಲದಿಂದ ನೇರವಾಗಿ ಬಂದ ರೋಗಿ ಇರುತ್ತಾನೆ, ಮೇಷ್ಟ್ರು ಒಬ್ಬರೇ. ದಂತವೈದ್ಯರು ತಯಾರಾಗುವುದು ಇಂಥ ಜಾಗದಲ್ಲಿ ಎಂದು ನಾನು ನಂಬಿದ್ದೆ. ಈಗಲೂ ನಂಬಿದ್ದೇನೆ.

ಆ ಸರದಿಯಲ್ಲಿ ಬಂದವಳು ಅಶ್ವಿನಿ. ಬಸವಕಲ್ಯಾಣದ ಬಟ್ಟೆ ವ್ಯಾಪಾರಿ ಶಿವರಾಜಪ್ಪನವರ ಮಗಳು. ತರಗತಿಯಲ್ಲಿ ಹಿಂದಿನ ಬೆಂಚು, ಥಿಯರಿಯಲ್ಲಿ ಸಾಧಾರಣ ಅಂಕ. ಹಲ್ಲು ಕೀಳುವಾಗ ಅವಳ ಕೈ ನಡುಗುತ್ತದೆ ಎಂದು ಪರೀಕ್ಷಕರೊಬ್ಬರು ಟೀಕೆ ಮಾಡಿದ್ದೂ ಉಂಟು. ಆದರೆ ಅವಳಲ್ಲಿ ಒಂದು ಗುಣವಿತ್ತು. ರೋಗಿ ಬಾಯಿ ತೆರೆಯುವ ಮೊದಲು ಅವನ ಮುಖ, ಕತ್ತು, ಕೈಗಳನ್ನು ಸಾವಕಾಶವಾಗಿ ನೋಡುತ್ತಿದ್ದಳು. ಉಳಿದವರು ಟಾರ್ಚ್ ಹಿಡಿದು ನೇರ ಬಾಯಿಗೇ ಹೋಗುವವರು.

ಕಬ್ಬು ಕಡಿಯುವ ಕಾಲ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಕಡೆಗೆ ಹೋಗುವ ಟ್ರ್ಯಾಕ್ಟರುಗಳು ಬೆಳಗಿನಿಂದ ರಸ್ತೆ ತುಂಬಿದ್ದವು. ಊಟದ ಹೊತ್ತಿಗೆ ಒಂದು ಜೀಪು ಕ್ಲಿನಿಕ್ಕಿನ ಮೆಟ್ಟಿಲಿಗೇ ಬಂದು ನಿಂತಿತು. ನಿರ್ಣಾ ಕಡೆಯ ಕಾಶಿನಾಥ ಎಂಬ ರೈತ ತನ್ನ ತಮ್ಮ ಗುಂಡಪ್ಪನನ್ನು ಹೆಗಲ ಮೇಲೆ ಹೊತ್ತುಕೊಂಡು ಒಳಗೆ ಬಂದ. ಗುಂಡಪ್ಪನ ಅಂಗಿಯ ಮುಂಭಾಗವೆಲ್ಲ ರಕ್ತ. ಕೆಳದವಡೆ ಮುಖಕ್ಕೆ ಅಂಟಿಕೊಂಡಂತೆಯೇ ಇರಲಿಲ್ಲ, ಜೋತಾಡುತ್ತಿತ್ತು.

"ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದಾನ್ರಿ. ಜಲ್ದಿ ನೋಡ್ರಿ," ಎಂದು ಕಾಶಿನಾಥ ತಮ್ಮನನ್ನು ಡೆಂಟಲ್ ಚೇರಿನ ಮೇಲೆ ಅಂಗಾತ ಮಲಗಿಸಿಬಿಟ್ಟ.

ಮಲಗಿಸಿದ ಕ್ಷಣವೇ ಗುಂಡಪ್ಪನ ಉಸಿರು ಕಟ್ಟಿತು. ಎದೆ ಏಳುತ್ತಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ತುಟಿ ನೀಲಿಗಟ್ಟತೊಡಗಿತು. ನಾಲಿಗೆಯನ್ನು ಮುಂದಕ್ಕೆ ಹಿಡಿದಿರುವ ಸ್ನಾಯು ಗದ್ದದ ಒಳಮೂಳೆಗೆ ಅಂಟಿರುತ್ತದೆ. ದವಡೆ ಗದ್ದದ ಎರಡೂ ಬದಿಗೆ ಮುರಿದರೆ ಆ ತುಂಡು ಹಿಂದಕ್ಕೆ ಸರಿದು, ಅದರ ಜೊತೆ ನಾಲಿಗೆಯೂ ಗಂಟಲಿಗೆ ಬೀಳುತ್ತದೆ. ಇಂಥವನನ್ನು ಮಲಗಿಸಿದರೆ ತನ್ನ ನಾಲಿಗೆಯಿಂದಲೇ ಅವನು ಉಸಿರುಗಟ್ಟಿ ಸಾಯುತ್ತಾನೆ.

ನಾನು ಅವನ ಕಂಕುಳಿಗೆ ಎರಡೂ ಕೈ ಹಾಕಿ ಎಬ್ಬಿಸಿ ಕೂರಿಸಿ ಮುಂದಕ್ಕೆ ಬಾಗಿಸಿದೆ. ಆಳು ಗಟ್ಟಿಮುಟ್ಟು, ಪ್ರಾಣಸಂಕಟದಲ್ಲಿ ಒದ್ದಾಡುತ್ತಿದ್ದ. ಕೈ ಬಿಟ್ಟರೆ ಹಿಂದಕ್ಕೆ ಬೀಳುತ್ತಿದ್ದ. "ಅಶ್ವಿನಿ, ಸಿಲ್ಕ್!" ಎಂದೆ. ಅವಳು ಆಗಲೇ ಹೊಲಿಗೆಯ ರೇಷ್ಮೆ ದಾರದ ಪೊಟ್ಟಣ ಹರಿದಿದ್ದಳು. ಸಕ್ಷನ್ ಕೊಳವೆಯಿಂದ ರಕ್ತ ಎಳೆದಳು, ಬಟ್ಟೆ ಸುತ್ತಿದ ಬೆರಳಿನಲ್ಲಿ ಜಾರುವ ನಾಲಿಗೆ ಹಿಡಿದಳು, ಸೂಜಿಯನ್ನು ನಾಲಿಗೆಯ ನಡುವೆ ತೂರಿಸಿ ದಾರವನ್ನು ಮುಂದಕ್ಕೆ ಎಳೆದಳು. ಕೊಳವೆಯಲ್ಲಿ ಗಾಳಿ ನುಗ್ಗಿದಂತೆ ಒಂದು ಕರ್ಕಶ ಶಬ್ದ. ಗುಂಡಪ್ಪ ಉಸಿರೆಳೆದ. ಮತ್ತೆ ಎಳೆದ. ಕಣ್ಣು ಬಿಟ್ಟ.

ದಾರ ಅವಳ ಬೆರಳಿಗೆ ಸುತ್ತಿಕೊಂಡೇ ಇತ್ತು. ನಾನು ಗುಂಡಪ್ಪನ ಭುಜ ಬಿಡದೆ, ಆಂಬುಲೆನ್ಸಿಗೆ ಫೋನ್ ಮಾಡುವಂತೆ ನಮ್ಮ ವ್ಯಾನಿನ ಚಾಲಕ ಇಸ್ಮಾಯಿಲನಿಗೆ ಕೂಗಿ ಹೇಳಿದೆ. ಆಗ ಅಶ್ವಿನಿ ತಗ್ಗಿದ ದನಿಯಲ್ಲಿ, "ಮೇಡಂ, ಗದ್ದ ನೋಡ್ರಿ. ಒಂದು ತರಚಿದ ಗಾಯನೂ ಇಲ್ಲ," ಎಂದಳು.

ನೋಡಿದೆ. ಟ್ರ್ಯಾಕ್ಟರಿನಿಂದ ಮುಖ ಅಡಿಯಾಗಿ ಬಿದ್ದವನ ಗದ್ದ ಒಡೆದಿರಬೇಕು, ಗಾಯದಲ್ಲಿ ಮಣ್ಣು ಇರಬೇಕು. ಇವನ ಗದ್ದ ನುಣ್ಣಗಿತ್ತು. ಎಡಗೆನ್ನೆಯ ಕೆಳಗೆ ರೈಲು ಹಳಿಯಂತೆ ಎರಡು ಕೆಂಪು ಗೆರೆ, ನಡುವೆ ಬಿಳಿಚಿದ ಚರ್ಮ. ದುಂಡನೆಯ ರಾಡಿನಿಂದ ಬಲವಾಗಿ ಹೊಡೆದರೆ ಮೂಡುವ ಗುರುತು ಅದು. ಅಂಥದೇ ಜೋಡಿ ಗೆರೆ ಅವನ ಬಲ ಮುಂಗೈ ಮೇಲೂ ಇತ್ತು. ಹೊಡೆತ ತಡೆಯಲು ಎತ್ತಿದ ಕೈ.

"ನಿಮ್ಮನ್ನ ಯಾರರ ಹೊಡದಾರೇನ್ರಿ?" ಎಂದು ಅಶ್ವಿನಿ ಗುಂಡಪ್ಪನನ್ನು ಕೇಳಿದಳು. ಅವನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಕಣ್ಣು ಮಾತ್ರ ಅಣ್ಣನ ಕಡೆ ಹೋಗಿ, ಅಲ್ಲಿಂದ ನೆಲಕ್ಕೆ ಇಳಿಯಿತು.

ಇಂಥ ಗಾಯವನ್ನು ಮೆಡಿಕೋ-ಲೀಗಲ್ ಕೇಸ್ ಎನ್ನುತ್ತೇವೆ. ಹಲ್ಲೆಯ ಶಂಕೆ ಇದ್ದರೆ ಪೊಲೀಸರಿಗೆ ತಿಳಿಸುವುದು ವೈದ್ಯರ ಕರ್ತವ್ಯ. ನಾನು ಅದನ್ನೇ ಕಾಶಿನಾಥನಿಗೆ ಹೇಳಿದೆ.

"ಯಾವ ಪೊಲೀಸ್‌ರಿ? ನಾ ಹೇಳಾಕತ್ತೇನಿ, ಬಿದ್ದಾನ. ಹಂಗಽ ಬರೀರಿ."

"ನೀವು ಹೇಳಿದ್ದನ್ನ ಬರೀತೇವ್ರಿ. ಆದ್ರ ಇದು ಬಿದ್ದದ್ದಲ್ಲ," ಎಂದಳು ಅಶ್ವಿನಿ. ಕಣ್ಣು ದಾರದ ಮೇಲೇ ಇತ್ತು.

ಅವನು ಕೈ ಎತ್ತಿದ್ದು ನನಗೆ ಕಾಣಲೇ ಇಲ್ಲ. ಮುಷ್ಟಿ ಅವಳ ಬಾಯಿಗೆ ಬಿತ್ತು. ಮಣಿಕಟ್ಟಿನಲ್ಲಿದ್ದ ಉಕ್ಕಿನ ಕಡಗ ಹಲ್ಲಿಗೆ ತಾಗಿದ ಸದ್ದು ಕೇಳಿಸಿತು. ಅವಳು ಉಗುಳುವ ಬೇಸಿನ್ನಿಗೆ ಅಪ್ಪಳಿಸಿ ಮೊಣಕಾಲ ಮೇಲೆ ಕುಸಿದಳು. ದಾರ ಹಿಡಿದ ಎಡಗೈ ಮಾತ್ರ ಮೇಲೆಯೇ ಇತ್ತು. ಅವನು ಅವಳ ಪಕ್ಕೆಗೆ ಒದ್ದ. ನಾನು ಅಡ್ಡ ಹೋದೆ. ನನ್ನನ್ನು ಗೋಡೆಗೆ ತಳ್ಳಿದ. ಹಿಡಿದವರಿಲ್ಲದೆ ಗುಂಡಪ್ಪ ಚೇರಿನಲ್ಲಿ ಹಿಂದಕ್ಕೆ ವಾಲಿದಾಗ ಅಶ್ವಿನಿ ನೆಲದಿಂದಲೇ ಏಳುತ್ತ, ತನ್ನ ಭುಜವನ್ನು ಅವನ ಬೆನ್ನಿಗೆ ಕೊಟ್ಟು ಮುಂದಕ್ಕೆ ನೂಕಿದಳು. ನಾಲಿಗೆಯನ್ನು ಎಳೆದು ಹಿಡಿದೇ ಇದ್ದಳು. ಕಾಶಿನಾಥ ಮತ್ತೆ ಅವಳ ಬೆನ್ನಿಗೆ ಗುದ್ದಿದ. ಉಪಕರಣಗಳ ಟ್ರೇ ಎತ್ತಿ ಎಸೆದ. ಗಾಜಿನ ಕಪಾಟು ಸಿಡಿಯಿತು. ಹೊರಗಿನಿಂದ ಓಡಿಬಂದ ಇಸ್ಮಾಯಿಲ್ ಅವನ ಸೊಂಟ ಹಿಡಿದು ಬಾಗಿಲತ್ತ ಎಳೆದ. ಹೋಗುವಾಗಲೂ ಎಕ್ಸ್-ರೇ ಯಂತ್ರದ ತೋಳನ್ನು ಕಿತ್ತು ಕೆಡವಿ ಹೋದ ಅವನು. ಜೀಪು ಹೊರಟ ಸದ್ದು ಕೇಳಿತು.

ಅಶ್ವಿನಿಯ ಮೇಲಿನ ಮುಂಭಾಗದ ಒಂದು ಹಲ್ಲು ಬೇರುಸಹಿತ ಕಿತ್ತು ಹೋಗಿ ಗಾಜಿನ ಚೂರುಗಳ ನಡುವೆ ಬಿದ್ದಿತ್ತು. ಅವಳೇ ಬೆರಳು ತೋರಿಸಿದಳು. ನಾನು ಹಲ್ಲಿನ ಬಿಳಿ ಭಾಗ ಹಿಡಿದು ಎತ್ತಿ, ಬೇರು ಮುಟ್ಟದೆ ಸಲೈನಿನಲ್ಲಿ ತೊಳೆದು ಅವಳ ಕೈಗಿಟ್ಟೆ. ಮತ್ತೆ ಗುಂಡಪ್ಪನ ಭುಜ ಹಿಡಿದೆ, ಅವನಿಗೆ ಎಚ್ಚರ ತಪ್ಪುತ್ತಿತ್ತು. ಕಿತ್ತ ಹಲ್ಲನ್ನು ಆದಷ್ಟು ಬೇಗ ಅದೇ ಕುಳಿಯಲ್ಲಿ ಕೂರಿಸಿದರೆ ಬದುಕಬಹುದು ಎಂಬುದು ನಾವು ಪ್ರತಿ ವರ್ಷ ಕಲಿಸುವ ಪಾಠ. ಅಶ್ವಿನಿ ಎಡಗೈಯಲ್ಲಿ ಒಬ್ಬನ ನಾಲಿಗೆಯ ದಾರ ಹಿಡಿದು, ಬಲಗೈಯಿಂದ ತನ್ನ ಹಲ್ಲನ್ನು ತಾನೇ ಒಳಕ್ಕೆ ಒತ್ತಿಕೊಂಡಳು. ನೋವಿಗೆ ಕಣ್ಣಲ್ಲಿ ನೀರು ಸುರಿಯಿತು, ಬಾಯಿಂದ ಒಂದು ಕೂಗು ಬಂತು. ಆಮೇಲೆ ಬಟ್ಟೆಯ ತುಂಡು ಕಚ್ಚಿಕೊಂಡು ನಿಂತಳು.

ಆಂಬುಲೆನ್ಸಿನಲ್ಲೂ ಅವಳೇ ಹೋದಳು. ದಾರವನ್ನು ಬೇರೆಯವರಿಗೆ ಕೊಡು ಎಂದರೆ ತಲೆಯಾಡಿಸಿದಳು.

ಗುಂಡಪ್ಪನ ದವಡೆಯನ್ನು ಆ ಸಂಜೆಯೇ ನಮ್ಮ ಆಸ್ಪತ್ರೆಯಲ್ಲಿ ನಾನು ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದೆ. ಕೆಲವು ವಾರ ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದಿಟ್ಟೆವು. ಅಶ್ವಿನಿಯ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ತೆಳು ತಂತಿಯಿಂದ ಕಟ್ಟಿದೆವು. ಎದುರುಬದುರಿನ ಎರಡು ವಾರ್ಡುಗಳಲ್ಲಿ ಇಬ್ಬರೂ ಗಂಜಿ ಕುಡಿದುಕೊಂಡಿದ್ದರು.

ಪೊಲೀಸರು ಹೇಳಿಕೆಗೆ ಬಂದರು. ತಂತಿ ಬಿಗಿದ ಹಲ್ಲುಗಳ ಸಂದಿಯಿಂದ ಗುಂಡಪ್ಪ ಕಷ್ಟಪಟ್ಟು ಆಡಿದ ಮಾತು: "ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದೇನ್ರಿ."

ಅಣ್ಣತಮ್ಮಂದಿರ ನಡುವೆ ಹೊಲದ ಬದುವಿನ ಜಗಳವಿತ್ತೆಂದು ಆಮೇಲೆ ಊರಿನವರೇ ಹೇಳಿದರು. ಒಂದೇ ಮನೆ, ಒಬ್ಬಳೇ ತಾಯಿ. ಅವನ ದವಡೆಯ ಕೇಸು ಅಲ್ಲಿಗೇ ನಿಂತಿತು. ಉಳಿದದ್ದು ಅಶ್ವಿನಿಯ ಮೇಲಿನ ಹಲ್ಲೆಯ ಕೇಸು. ಕಾಶಿನಾಥ ಸಿಕ್ಕಿಬಿದ್ದು ಜಾಮೀನಿನ ಮೇಲೆ ಹೊರಬಂದ. ಆಡಳಿತ ಮಂಡಳಿಯವರು ನನ್ನನ್ನು ಕರೆಸಿ, ದೂರು ಮುಂದುವರಿಸಿದರೆ ಹುಮನಾಬಾದಿನ ಕ್ಲಿನಿಕ್ ನಡೆಸುವುದು ಕಷ್ಟ ಎಂದರು. ಇಂಟರ್ನ್‌ಗಳ ತಂದೆತಾಯಿ ಆಗಲೇ ಮಕ್ಕಳನ್ನು ಅಲ್ಲಿಗೆ ಕಳಿಸುವುದಿಲ್ಲ ಎನ್ನತೊಡಗಿದ್ದರು.

ರಾಜಿಗೆ ಬಸವಕಲ್ಯಾಣದಲ್ಲಿ ಶಿವರಾಜಪ್ಪನವರ ಅಂಗಡಿಯಲ್ಲೇ ಕೂತರು. ಅಶ್ವಿನಿ ಕರೆದಿದ್ದಕ್ಕೆ ನಾನೂ ಹೋಗಿದ್ದೆ. ಅರ್ಧ ಬಾಗಿಲು ಎಳೆದು, ಸೀರೆಗಳ ಕಪಾಟಿನ ಮುಂದೆ ಜಮಖಾನ ಹಾಸಿದ್ದರು. ನಿರ್ಣಾ ಕಡೆಯ ಹಿರಿಯರೊಬ್ಬರು ಮಾತು ತೆಗೆದರು.

"ಸಿಟ್ಟಿನ್ಯಾಗ ಕೈ ನಡೀತವ್ವ. ಅಂವ ಮಾಫಿ ಕೇಳ್ತಾನ. ನಾಳೆ ನಿನ್ನ ಲಗ್ನ ಆಗಬೇಕು, ಕೋರ್ಟ್ ಕಚೇರಿ ಅಂತ ಹೆಸರು ಯಾಕ ಕೆಡಸ್ಕೋತಿ?"

ಶಿವರಾಜಪ್ಪನವರು ಮಗಳ ಮುಖ ನೋಡಲಿಲ್ಲ. "ಆ ಊರಿನ ಗಿರಾಕಿ ನಮ್ಮ ಅಂಗಡಿಗಿ ನನ್ನ ಅಪ್ಪನ ಕಾಲದಿಂದ ಬರ್ತಾರ. ಬಿಟ್ಟುಬಿಡವ್ವ," ಎಂದರು. ಅವರ ಕೈ ಜಮಖಾನದ ಅಂಚನ್ನು ಮಡಚುತ್ತಿತ್ತು, ಬಿಚ್ಚುತ್ತಿತ್ತು.

ಗುಂಡಪ್ಪನೂ ಬಂದಿದ್ದ. ತಂತಿ ತೆಗೆದಿದ್ದೆವು, ಮುಖ ಇನ್ನೂ ಊದಿತ್ತು. "ಅಕ್ಕಾ, ನೀ ನನ್ನ ಜೀವ ಉಳಿಸೀದಿ. ಇನ್ನೊಂದು ಉಪಕಾರ ಮಾಡು. ಅಣ್ಣನ್ನ ಬಿಟ್ಟುಬಿಡು," ಎಂದು ಕೈಮುಗಿದ.

ಅಶ್ವಿನಿ ಅವನಿಗೇ ಉತ್ತರ ಕೊಟ್ಟಳು. "ನಿಮ್ಮ ದವಡಿ ಬಗ್ಗೆ ನೀವು ಏನ್ ಬೇಕಾದ್ದು ಹೇಳ್ರಿ, ಅದು ನಿಮ್ಮದು. ನನ್ನ ಹಲ್ಲು ಬಿದ್ದಿಲ್ರಿ. ಹೊಡದು ಕೆಡವಿದ್ದು. ನೀವು ಎದುರಿಗೇ ಇದ್ರಿ, ಕಣ್ಣು ತೆರೆದಿತ್ತು."

ಹಿರಿಯರು ಟವೆಲ್ ಕೊಡವಿ ಎದ್ದರು. ಬೀದಿಯಲ್ಲಿ ಕಾದಿದ್ದ ಕಾಶಿನಾಥ ಅಂಗಡಿಯ ಕಡೆ ನೋಡಿ ಕ್ಯಾಕರಿಸಿ ಉಗುಳಿದ್ದು ಕಾಣಿಸಿತು. ಅದನ್ನು ನೋಡಿದ ಮೇಲೆ ಶಿವರಾಜಪ್ಪನವರು ಮಗಳಿಗೆ ಬಿಟ್ಟುಬಿಡು ಎಂದು ಮತ್ತೆ ಹೇಳಲಿಲ್ಲ. ವಿಚಾರಣೆಯ ದಿನ ಅಂಗಡಿ ಮುಚ್ಚಿ ತಾವೇ ಅವಳ ಜೊತೆ ಹೋದರು.

ನ್ಯಾಯಾಲಯದಲ್ಲಿ ಕಾಶಿನಾಥನ ವಕೀಲರ ವಾದ ಸರಳವಾಗಿತ್ತು. ನೆಲದ ಮೇಲೆ ರಕ್ತವಿತ್ತು, ಹುಡುಗಿ ಜಾರಿ ಬೇಸಿನ್ನಿನ ಮೇಲೆ ಬಿದ್ದಳು. ನಾನೂ ಇಸ್ಮಾಯಿಲನೂ ಕಾಲೇಜಿನವರು, ಕಾಲೇಜಿನ ಪರವಾಗಿಯೇ ಹೇಳುವವರು. ಹೊರಗಿನ ಸಾಕ್ಷಿ ಒಬ್ಬನೇ, ಗುಂಡಪ್ಪ. ಅವನು ಅಣ್ಣನ ಪರ ನಿಲ್ಲುತ್ತಾನೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹಿಂದಿನ ದಿನವೂ ಅಣ್ಣತಮ್ಮ ಒಂದೇ ಮೋಟಾರ್ ಸೈಕಲ್ಲಿನಲ್ಲಿ ಬಂದದ್ದನ್ನು ನೋಡಿದ್ದೆ.

ಕಟಕಟೆಯಲ್ಲಿ ಅವನು ಗದ್ದ ಸವರಿಕೊಂಡ. ಡಾಕ್ಟರ್ ಹೇಗೆ ಬಿದ್ದರು ಎಂದು ಸರ್ಕಾರಿ ವಕೀಲರು ಎರಡನೆಯ ಸಲ ಕೇಳಿದರು.

"ಬಿದ್ದಿಲ್ರಿ. ಹೊಡದಾನ್ರಿ. ನಮ್ಮ ಅಣ್ಣ."

ಕಾಶಿನಾಥನ ವಕೀಲರು ಥಟ್ಟನೆ ಎದ್ದರು. "ಹಾಗಾದರೆ ಟ್ರ್ಯಾಕ್ಟರಿನಿಂದ ಬಿದ್ದೆ ಎಂದು ಪೊಲೀಸರಿಗೆ ಹೇಳಿದ್ದು ಸುಳ್ಳೇ? ನಿನ್ನ ದವಡೆ ಮುರಿದದ್ದು ಹೇಗೆ?"

ಗುಂಡಪ್ಪ ಅಣ್ಣನ ಮುಖ ನೋಡಿದ. "ಅದು ಮನೀ ಮಾತ್ರಿ. ಅದನ್ನ ಕೇಳಬ್ಯಾಡ್ರಿ," ಎಂದ. ಆಮೇಲೆ ಯಾರು ಕೇಳಿದರೂ ಅವನು ಅದನ್ನು ಹೇಳಲಿಲ್ಲ.

ಕಾಶಿನಾಥನಿಗೆ ಶಿಕ್ಷೆಯಾಯಿತು. ಗುಂಡಪ್ಪ ಊರು ಬಿಟ್ಟು ಹುಡಗಿ ಎಂಬ ಹಳ್ಳಿಯಲ್ಲಿ ಹೆಂಡತಿಯ ತವರಿನ ಹೊಲ ಮಾಡಿಕೊಂಡಿದ್ದಾನೆ ಎಂದು ಕೇಳಿದ್ದೇನೆ. ಅಶ್ವಿನಿಯ ಹಲ್ಲು ಉಳಿಯಿತು, ಆದರೆ ಬಣ್ಣಗೆಟ್ಟಿತು, ಅದರ ಮೇಲೆ ಕ್ಯಾಪ್ ಹಾಕಿದೆವು. ಕ್ಲಿನಿಕ್ ಮುಚ್ಚಲಿಲ್ಲ. ತಪ್ಪಿಸಿಕೊಂಡು ಹೊರಹೋಗಲು ಎರಡನೆಯ ಬಾಗಿಲು ಇಡಿಸಿದೆವು. ವೈದ್ಯರು ಗೋಡೆಗೂ ರೋಗಿಗೂ ನಡುವೆ ಸಿಕ್ಕಿಕೊಳ್ಳದಂತೆ ಚೇರನ್ನು ತಿರುಗಿಸಿದೆವು.

ನಿವೃತ್ತಿಗೆ ಮುಂಚಿನ ನನ್ನ ಕೊನೆಯ ಬ್ಯಾಚಿಗೆ ಈ ಕೇಸಿನ ಪಾಠ ಮಾಡುವ ದಿನ ಅಶ್ವಿನಿಯನ್ನೂ ಕರೆಸಿದ್ದೆ. ಆ ಹೊತ್ತಿಗೆ ಅವಳು ಸರ್ಜರಿಯಲ್ಲೇ ಎಂಡಿಎಸ್, ಎಂದರೆ ಸ್ನಾತಕೋತ್ತರ ಪದವಿ, ಮಾಡುತ್ತಿದ್ದಳು. ಮನೆಯವರು ಹೇಳಿದ್ದನ್ನೂ ಬರೆಯಿರಿ, ಗಾಯ ಹೇಳಿದ್ದನ್ನೂ ಬರೆಯಿರಿ, ಎರಡೂ ಹೊಂದದಿದ್ದರೆ ನೀವಾಗಿ ಹೊಂದಿಸಲು ಹೋಗಬೇಡಿ ಎಂದು ನಾನು ಹೇಳಿ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಅವಳನ್ನೇ ಕೇಳಿದಳು: "ಅವತ್ತು ನಿಮಗ ಅಂಜಿಕಿ ಆಗಲಿಲ್ಲೇನ್ರಿ, ಮೇಡಂ?"

"ಆತು. ಕೈ ಗಡಗಡ ನಡಗಾಕತ್ತಿತ್ತು," ಎಂದಳು ಅಶ್ವಿನಿ. "ನಡಗೋ ಕೈಲೆನೂ ದಾರ ಹಿಡೀಬಹುದು."

ನಡುಗದ ಕೈಗೆ ಅಂಕ ಕೊಡುವುದು ನಮ್ಮ ವೃತ್ತಿಯ ಪದ್ಧತಿ. ಆ ಮಾತು ಕೇಳಿದ ಮೇಲೆ ನಡೆಸಿದ ಪ್ರಾಯೋಗಿಕ ಪರೀಕ್ಷೆಯಲ್ಲಿ, ಕೈ ನಡುಗಿದ್ದಕ್ಕೆ ನಾನು ಯಾರ ಅಂಕವನ್ನೂ ಕಳೆಯಲಿಲ್ಲ.